ಮೂರು ದಿನದಲ್ಲಿ ಓಡಾಡ್ತೀರ

ಪಿತ್ತಕೋಶದಲ್ಲಿ ಕಲ್ಲಿದೆ, ಪಿತ್ತಕೋಶವನ್ನೇ ತೆಗೆಸಿಬಿಡಿ ಅಂದರು ಡಾಕ್ಟರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ, ನಾಲ್ಕು ಸಣ್ಣ ತೂತು ಅಷ್ಟೇ. "ಮಾರನೇ ದಿನ ಮನೆಗೆ. ಮೂರು ದಿನದಲ್ಲಿ ಓಡಾಡ್ತೀರ." ಆಮೇಲೂ ಏನೋ ಹೇಳುತ್ತಿದ್ದರು. ನನ್ನ ಕಿವಿ ಅಷ್ಟರಲ್ಲೇ ಬಾಗಿಲು ಹಾಕಿಕೊಂಡಿತ್ತು. ಗುರುವಾರ ಆಪರೇಷನ್, ಸೋಮವಾರ ಡ್ಯೂಟಿ ಅಂತ ಆಫೀಸಿಗೆ ಬರೆದು ಹಾಕಿದೆ.

ಎಚ್ಚರವಾದಾಗ ಹೊಟ್ಟೆಗಿಂತ ಜಾಸ್ತಿ ನೋಯುತ್ತಿದ್ದದ್ದು ಬಲಭುಜ. "ಮಂಚ ಬದಲಾಯಿಸುವಾಗ ಬೀಳಿಸಿದ್ರಾ?" ಅಂತ ನರ್ಸನ್ನು ಕೇಳಿಯೇಬಿಟ್ಟೆ. ಒಳಗೆ ಕೆಲಸ ಮಾಡಲು ಜಾಗ ಬೇಕಲ್ಲ, ಅದಕ್ಕೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಪೂರಿಯ ಹಾಗೆ ಉಬ್ಬಿಸುತ್ತಾರಂತೆ. ಎದೆ ಮತ್ತು ಹೊಟ್ಟೆ ನಡುವಿನ ವಪೆಗೆ ಅದು ಕಿರಿಕಿರಿ ಮಾಡುತ್ತದೆ, ನೋವು ಮಾತ್ರ ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಮೂರು ದಿನ ಇರುತ್ತೆ, ಸ್ವಲ್ಪ ನಡೀರಿ ಅಂದರು.

ಮನೆಗೆ ಬರುವಾಗ ಪುಟ್ಟ ಬಾಟಲಿಯಲ್ಲಿ ಹನ್ನೊಂದು ಕಲ್ಲು ಹಾಕಿ ಕೊಟ್ಟರು. ನೋಡಲು ಬಂದವರಿಗೆಲ್ಲ ಅಮ್ಮ ಕಾಫಿ ಜೊತೆ ಅದನ್ನೂ ತಂದಿಡುತ್ತಿದ್ದರು. "ಬಾಳೆದಿಂಡಿನ ಪಲ್ಯ ತಿಂದಿದ್ರೆ ಕರಗಿ ಹೋಗ್ತಿತ್ತು, ಸುಮ್ನೆ ಕೊಯ್ಸಿಕೊಂಡ" ಅಂದರು ದೊಡ್ಡಮ್ಮ. ಬಾಳೆದಿಂಡು ಕಿಡ್ನಿ ಕಲ್ಲಿಗೆ ಜನ ಹೇಳುವ ಮನೆಮದ್ದು, ನನ್ನದು ಆ ಇಲಾಖೆಯೇ ಅಲ್ಲ. ವಾದ ಮಾಡೋಣ ಅಂದರೆ ಹೊಟ್ಟೆ ಹಿಡಿದುಕೊಂಡಿತು. ಸೀನು ಬಂದರಂತೂ ದಿಂಬು ಹುಡುಕಿ, ಹೊಟ್ಟೆಗೆ ಅವುಚಿ, ಆಮೇಲೆ ಸೀನಬೇಕು. ಸೀನು ಅಲ್ಲಿವರೆಗೆ ಕಾಯುತ್ತದೆಯೇ?

ಸೋಮವಾರ ಹೊರಟೆ. ನಮ್ಮ ಬೀದಿಯಿಂದ ಆಫೀಸಿನವರೆಗೆ ಹದಿನಾಲ್ಕು ಹಂಪುಗಳಿವೆ ಅಂತ ಗೊತ್ತಾದದ್ದು ಅವತ್ತೇ. ಪ್ರತಿ ಹಂಪಿಗೂ ನಾಲ್ಕು ತೂತುಗಳು ಒಟ್ಟಿಗೆ ಹಾಜರಿ ಕೂಗಿದವು. "ನಿಧಾನ ಅಣ್ಣ" ಅಂದರೆ ಆಟೋದವನು ತಿರುಗಿ ನೋಡಿ, "ಎಷ್ಟನೇ ತಿಂಗಳು ಸಾರ್?" ಅಂದ. ನಗು ಬಂತು. ನಗಲು ಹೋಗಿ ಕಣ್ಣಲ್ಲಿ ನೀರೂ ಬಂತು.

ಆಫೀಸಿನಲ್ಲಿ ಬಾಸ್, "ಸಣ್ಣ ಆಪರೇಷನ್ ಅಲ್ವಾ?" ಅಂದರು. ಆಪರೇಷನ್ ಬೇರೆಯವರದಾದರೆ ಅದು ಯಾವಾಗಲೂ ಸಣ್ಣದೇ. ಪ್ಯಾಂಟಿನ ಸೊಂಟ ಸರಿಯಾಗಿ ಹೊಕ್ಕುಳಿನ ತೂತಿನ ಮೇಲೇ ಕೂರುತ್ತಿತ್ತು. ಹನ್ನೆರಡಕ್ಕೆ ತೂಕಡಿಕೆ. ಒಂದೂವರೆಗೆ ಕೀಬೋರ್ಡಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದೆನಂತೆ, ಒಬ್ಬ ಗ್ರಾಹಕರಿಗೆ ಮೂರು ಪುಟ 'ಜ' ಹೋಗಿದೆ.

ಸಂಜೆ ಡಾಕ್ಟರಿಗೆ ಫೋನ್ ಮಾಡಿ ದೂರಿದೆ. "ಓಡಾಡ್ತೀರ ಅಂದಿದ್ದು ಮಂಚದಿಂದ ಬಚ್ಚಲಿಗೆ! ಕೂತು ಮಾಡೋ ಕೆಲಸಕ್ಕೂ ಒಂದೆರಡು ವಾರ ಬೇಕು, ಭಾರ ಎತ್ತೋದು ನಾಲ್ಕರಿಂದ ಆರು ವಾರ ಬಿಟ್ಟು. ಡಿಸ್ಚಾರ್ಜ್ ಶೀಟಲ್ಲೇ ಬರೆದಿದೆಯಲ್ರೀ?" ಬರೆದಿತ್ತು. ಅಮ್ಮ ಅದನ್ನು ಮಡಚಿ ಅಡುಗೆಮನೆ ಗೂಡಿನಲ್ಲಿ ಕಲ್ಲಿನ ಬಾಟಲಿಯ ಕೆಳಗೆ ಹಾಸಿದ್ದರು.

ಮತ್ತೆ ಹತ್ತು ದಿನ ರಜೆ ಹಾಕಿದೆ. ಮಾರನೇ ದಿನ ಸಾರು ಕುದಿಯುತ್ತಿತ್ತು. ಒಗ್ಗರಣೆ ಚಟಪಟ ಅನ್ನುವಾಗ ಅಮ್ಮ ಕನ್ನಡಕ ಇಲ್ಲದೆ ಗೂಡಿಗೆ ಕೈಹಾಕಿ, ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, "ಇಂಗು ಇಷ್ಟು ಗಟ್ಟಿಯಾಗಿದೆಯಲ್ಲೋ" ಅಂದರು. ನಾನು ಕೂಗಿದ ಕೂಗಿಗೆ ಹೊಕ್ಕುಳು ಇವತ್ತಿಗೂ ನೋಯುತ್ತಿದೆ.