ಇಬ್ಬನಿಗೂ ಒಂದು ಬೆಂಬಲ ಬೆಲೆ ಕೊಡಿ

ಸರ್ಕಾರದ ಹತ್ತಿ ಖರೀದಿ ಕೇಂದ್ರದಲ್ಲಿ ತೇವಾಂಶ ಅಳೆಯುವ ಎರಡು ಸೂಜಿಯ ಒಂದು ಪುಟ್ಟ ಯಂತ್ರ ಇರುತ್ತದೆ. ಮಳೆಗಾಲದಲ್ಲಿ ಬಿತ್ತಿದ್ದು, ಕಳೆ ತೆಗೆದಿದ್ದು, ಗುಲಾಬಿ ಕಾಯಿಕೊರಕದ ಜೊತೆ ಗುದ್ದಾಡಿದ್ದು, ಸೊಸೈಟಿ ಸಾಲ, ಎಲ್ಲವನ್ನೂ ಅದು ಮೂರು ಸೆಕೆಂಡಿನಲ್ಲಿ ಒಂದು ಅಂಕಿ ಮಾಡಿ ತೋರಿಸಿಬಿಡುತ್ತದೆ.

ನಿಯಮ ಸರಳ. ತೇವಾಂಶ 8% ಇದ್ದರೆ ಪೂರ್ತಿ ಬೆಂಬಲ ಬೆಲೆ, 2025-26ಕ್ಕೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ. ಅಲ್ಲಿಂದ ಮೇಲೆ ಒಂದೊಂದು ಪರ್ಸೆಂಟಿಗೂ ಒಂದೊಂದು ಪರ್ಸೆಂಟ್ ಕಡಿತ, ಅಂದರೆ 81 ರೂಪಾಯಿ ಚಿಲ್ಲರೆ. 12ಕ್ಕೆ 324 ರೂಪಾಯಿ ಹೋಗುತ್ತದೆ, ಹೋಗಲಿ. ಅದನ್ನೂ ದಾಟಿತೋ, ಇಡೀ ಟ್ರ್ಯಾಕ್ಟರ್ ವಾಪಸ್.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಒದ್ದೆ ಹತ್ತಿ ಒಟ್ಟಿದರೆ ಒಳಗೊಳಗೇ ಬಿಸಿಯಾಗಿ ಬಣ್ಣ ಕೆಡುತ್ತದೆ, ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನವರಿಗೂ ತಲೆನೋವು. ಒಪ್ಪಿದೆ. ಆದರೆ ಹತ್ತಿ ಗಾಳಿಯ ತೇವವನ್ನೂ ಕುಡಿಯುವ ವಸ್ತು ಅನ್ನೋದು ಯಂತ್ರ ತಂದವರಿಗೆ ಗೊತ್ತು, ಸಾಲು ನಿಲ್ಲಿಸಿದವರಿಗೆ ಗೊತ್ತಿಲ್ಲ. ಅಂಗಳದಲ್ಲಿ ಎರಡು ದಿನ ಹರವಿ, ಮಗುವಿನ ಹಾಗೆ ಮಗುಚಿ ಮಗುಚಿ ಒಣಗಿಸಿ ತಂದ ಹತ್ತಿ ಡಿಸೆಂಬರ್ ಚಳಿಯಲ್ಲಿ ಗೇಟಿನ ಹೊರಗೆ ರಾತ್ರಿ ಕಳೆಯುತ್ತದೆ. ಬೆಳಗ್ಗೆ ತಾಡಪಾಲು ಎತ್ತಿದರೆ ಅದರ ಒಳಮೈ ತುಂಬ ಹನಿ. ಯಂತ್ರ ಮೇಲೆ ಚುಚ್ಚಿದರೆ 13, ನಡುವೆ 11, ತಳದಲ್ಲಿ 9. ಬರೆದುಕೊಂಡಿದ್ದು ಯಾವುದು ಅಂತ ಬೇರೆ ಹೇಳಬೇಕಾ?

'ಇಬ್ಬನಿ ಆರಿದ ಮೇಲೆ ಹತ್ತಿ ಬಿಡಿಸಬೇಕಿತ್ತು ಯಜಮಾನ್ರೇ' ಅಂದರು ಸಾಹೇಬರು. ಸರಿಯಾದ ಮಾತೇ. ಆದರೆ ಬಿಡಿಸುವವರು ಬರುವುದು ತಂಪು ಹೊತ್ತಿನಲ್ಲಿ. ಬಿಸಿಲೇರಿದರೆ ಕಾಯಿಯ ಒಣ ಎಸಳು ಪುಡಿಯಾಗಿ ಹತ್ತಿಗೆ ಅಂಟುತ್ತದೆ, ಆಮೇಲೆ ಕಸ ಜಾಸ್ತಿ ಅಂತ ಇನ್ನೊಂದು ತಕರಾರು. ಜೊತೆಗೆ ಕೂಲಿ ಕೆಜಿ ಲೆಕ್ಕ, ಇಬ್ಬನಿ ಹತ್ತಿ ತೂಕ ಜಾಸ್ತಿ. ಒಟ್ಟಿನಲ್ಲಿ ಹೊಲದಲ್ಲಿ ನೀರಿಗೆ ಕೂಲಿ ಕೊಟ್ಟವನೂ ನಾನೇ, ಕೇಂದ್ರದಲ್ಲಿ ಅದೇ ನೀರಿಗೆ ದುಡ್ಡು ಬಿಟ್ಟವನೂ ನಾನೇ.

ಇನ್ನು ಪರದೇಶದ ಹತ್ತಿಯ ಭಾಗ್ಯ ನೋಡಿ. 2025ರ ಆಗಸ್ಟ್‌ನಲ್ಲಿ ಅದರ ಮೇಲಿದ್ದ 11% ಆಮದು ಸುಂಕ ತೆಗೆದರು. ಮೊದಲು ಸೆಪ್ಟೆಂಬರ್ ಕೊನೆವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ, ಅಂದರೆ ಸರಿಯಾಗಿ ನಮ್ಮ ಹತ್ತಿ ಮನೆಗೆ ಬರುವ ತಿಂಗಳುಗಳಿಗೆ. ಸಮುದ್ರದ ಮೇಲೆ ವಾರಗಟ್ಟಲೆ ತೇಲಿ ಬಂದದ್ದಕ್ಕೆ ಸುಂಕ ಮಾಫಿ, ಹತ್ತು ಮೈಲಿ ಟ್ರ್ಯಾಕ್ಟರಲ್ಲಿ ಬಂದದ್ದಕ್ಕೆ ಇಬ್ಬನಿ ಕಡಿತ.

ವಾಪಸ್ ತಿರುಗಿಸಿದ ಟ್ರ್ಯಾಕ್ಟರಿಗೆ ಗೇಟಿನ ಆಚೆ ದಲ್ಲಾಳಿ ಸಿಕ್ಕೇ ಸಿಗುತ್ತಾನೆ. ಅವನ ಹತ್ತಿರ ಯಂತ್ರ ಇಲ್ಲ. ಒಂದು ಹಿಡಿ ಹತ್ತಿ ಅಮುಕುತ್ತಾನೆ, ನನ್ನ ಮುಖ ನೋಡುತ್ತಾನೆ, ಟೀ ಹೇಳುತ್ತಾನೆ. ಡ್ರೈವರ್ ಬಾಡಿಗೆ ಏರುತ್ತಿದೆ ಅನ್ನೋದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹೋದ ವರ್ಷ ಅವನಿಗೇ ಕೊಟ್ಟೆ. ಮಾರನೇ ದಿನ ಅದೇ ಕೇಂದ್ರದೊಳಗೆ ಒಂದು ಲೋಡ್ ಇಳಿಯುತ್ತಿತ್ತು. ಅದು ನನ್ನ ಹತ್ತಿ ಅಂತ ನಾನು ಹೇಳಲಾರೆ, ಹತ್ತಿಗೆ ಮುಖ ಇರುವುದಿಲ್ಲ. ತಾಡಪಾಲಿನ ಹರಿದ ಮೂಲೆ ಮಾತ್ರ ಪರಿಚಯದ್ದು, ಸುಮ್ನೆ ದಾರ ಕೊಡು ಅಂತ ಬೈದು ಹೊಲಿದುಕೊಟ್ಟಿದ್ದು ನನ್ನ ಹೆಂಡತಿ.

ಈ ವರ್ಷ ಮೊಬೈಲಲ್ಲೇ ಸ್ಲಾಟ್. ಆಧಾರ್, ಪಹಣಿ, ಒಟಿಪಿ ಎಲ್ಲ ಆಗಿ ದಿನಾಂಕ ಬಂತು, ಖುಷಿಯಾಯಿತು. ಯಾವ ಹೊತ್ತಿಗೆ ಬರಲಿ ಅಂತ ಫೋನ್ ಮಾಡಿ ಕೇಳಿದೆ.

'ಬೆಳಗ್ಗೆ ಏಳಕ್ಕೆ ಇರಿ. ಹಿಂದಿನ ರಾತ್ರಿಯೇ ಬಂದು ಗಾಡಿ ಸಾಲಿಗೆ ಹಚ್ಚಿದರೆ ಇನ್ನೂ ಚಲೋ' ಅಂದರು.