ಲಾಭ, ಎರಡು, ಮೂರು...

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆ ಸೇರು ಇದೆ. ತಳ ಒಳಕ್ಕೆ ನೆಗ್ಗಿದೆ. ಅಜ್ಜಿ ಸಾಲ ಕೊಡುವಾಗ ಇದರಲ್ಲಿ ಅಳೆಯುತ್ತಿದ್ದರಂತೆ, ವಾಪಸ್ ತಗೊಳ್ಳುವಾಗ ಬೇರೆ ಸೇರು. ನಗುತ್ತಲೇ ಹೇಳುತ್ತಿದ್ದರು, ನಾವೂ ನಗುತ್ತಿದ್ದೆವು. ಈಗ ನಗು ಬರಲ್ಲ.

ನಮ್ಮ ಕೊಡಗಿನಲ್ಲಿ ಹಳೇ ಕಾಲದಲ್ಲಿ ಕೊಡೋದು, ತಗೊಳ್ಳೋದು ಎಲ್ಲ ಪ್ರೀತಿಯಲ್ಲೇ ನಡೆಯುತ್ತಿತ್ತು ಅನ್ನುವ ಮಾತು ಈಚೆಗೆ ಜಾಸ್ತಿ ಆಗಿದೆ. ನಾನು ಒಪ್ಪಲ್ಲ. ದುಡ್ಡು ಕಮ್ಮಿ ಇತ್ತು, ನಿಜ. ಭತ್ತವೇ ದುಡ್ಡು. ಗದ್ದೆಯನ್ನೂ ಇಷ್ಟು ಬಟ್ಟಿ ಗದ್ದೆ ಅಂತ ಭತ್ತದ ಅಳತೆಯಲ್ಲೇ ಹೇಳುತ್ತಿದ್ದರು. ಮೇದರು ಬುಟ್ಟಿ, ಮೊರ ಹೆಣೆದು ಕೊಟ್ಟರೂ, ಕಮ್ಮಾರಿಕೆಯ ಐರಿಗಳು ಕತ್ತಿ ಮಾಡಿಕೊಟ್ಟರೂ ಸಿಗುವುದು ಭತ್ತ. ಅದೂ ಕೊಯ್ಲು ಮುಗಿದ ಮೇಲೆ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಮಡಕೆ ಬರಿದಾದರೆ? ಪತ್ತಾಯ, ಅಂದರೆ ಭತ್ತದ ಕಣಜ, ಇರುವ ಮನೆ ಮುಂದೆಯೇ ಬಂದು ನಿಲ್ಲಬೇಕು.

ಅಳೆಯುವುದನ್ನು ನೋಡಬೇಕು. ಮೊದಲ ಸೇರಿಗೆ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು... ತಗೊಳ್ಳುವಾಗ ಸೇರಿನ ಮೇಲೆ ಗೋಪುರ ನಿಲ್ಲಬೇಕು, ಕಾಳು ಬದಿಯಿಂದ ಜಾರಬೇಕು. ಕೊಡುವಾಗ ಅಂಗೈಯಲ್ಲಿ ಸವರಿ ಸಮ. ಜಾರಿ ಬಿದ್ದ ಕಾಳು ಚಾಪೆ ಯಾರದ್ದೋ ಅವರಿಗೆ. ಆ ‘ಲಾಭ’ ಯಾರಿಗೆ ಅಂತ ಕೇಳಬೇಕಾಗಿಯೇ ಇರಲಿಲ್ಲ ಅಲ್ವಾ?

ಉಪ್ಪು, ಒಣಮೀನಿಗೆ ಮಲಬಾರೇ ಗತಿ. ಹೇರೆತ್ತಿನ ಮೇಲೆ ಅಕ್ಕಿ ಘಟ್ಟ ಇಳಿಯುತ್ತಿತ್ತು, ಅದೇ ಎತ್ತು ಉಪ್ಪು ಹೊತ್ತು ಹತ್ತುತ್ತಿತ್ತು. ಮಳೆ ಹಿಡಿದರೆ ಉಪ್ಪಿದ್ದವನ ಮಾತೇ ಮಾತು.

ಅದಕ್ಕೇ ನನಗೆ ಸಂತೆ ಅಂದರೆ ಗೌರವ. ಶನಿವಾರಸಂತೆ, ಸೋಮವಾರಪೇಟೆ ಅಂತ ಊರ ಹೆಸರಲ್ಲೇ ವಾರ ಇದೆ. ಮಡಿಕೇರಿಗೆ ಶುಕ್ರವಾರ, ವಿರಾಜಪೇಟೆಗೆ ಬುಧವಾರ. ಸಂತೆಯಲ್ಲಿ ಒಬ್ಬನ ಸೇರು ಸರಿಯಿಲ್ಲ ಅನಿಸಿದರೆ ಪಕ್ಕದವನ ಹತ್ತಿರ ಹೋಗಬಹುದು. ಪತ್ತಾಯದ ಮನೆಯಲ್ಲಿ ಆ ಪಕ್ಕದವನೇ ಇರಲಿಲ್ಲ.

1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಕಿಲೋ ಲೆಕ್ಕದ ಕಾಯ್ದೆ ಬಂದದ್ದೂ ಅದೇ ವರ್ಷ. (ಮೊದಲನೆಯದರ ಬಗ್ಗೆ ಇವತ್ತಿಗೂ ಜಗಳ ಆಡುತ್ತೇವೆ, ಎರಡನೆಯದನ್ನು ಯಾರೂ ನೆನೆಯಲ್ಲ.)

ಹೋದ ವರ್ಷ ಕಾಫಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಕೊಡಲು ಹೋಗಿದ್ದೆ. ತೂಕ ಸರಿಯಾಗೇ ಬಂತು, ಗ್ರಾಂ ಸಮೇತ. ಆಮೇಲೆ ವ್ಯಾಪಾರಿ ಒಂದಿಷ್ಟು ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಔಟ್‌ಟರ್ನ್ (ಚೆರಿಯಲ್ಲಿ ಸಿಗುವ ಬೀಜದ ಪಾಲು) ಇಷ್ಟು, ತೇವ ಇಷ್ಟು ಅಂದರು. ಮೆಷಿನ್ ಅವರದ್ದು.

‘ಎರಡು ಪಾಯಿಂಟ್ ಕಮ್ಮಿ ಆಯ್ತಲ್ಲ ಸಾರ್’ ಅಂದೆ.

‘ಬೇರೆ ಕಡೆ ತೋರಿಸಿ ನೋಡಿ.’

ಕತ್ತಲಾಗಿತ್ತು, ಜೀಪಿನ ಬಾಡಿಗೆ ಬೇರೆ ಏರುತ್ತಿತ್ತು. ಅಲ್ಲೇ ಕೊಟ್ಟು ಬಂದೆ.