ಕಂಪ್ನಿನ ಟೀಮ್ ಅನ್ಬೇಡಿ ಪ್ಲೀಸ್

ಬರೀಲೋ ಬೇಡ್ವೋ ಅಂತ ಎರಡು ತಿಂಗ್ಳಿಂದ ಯೋಚ್ನೆ ಮಾಡ್ತಾನೇ ಇದ್ದೆ, ಇವತ್ತು ಬರೆದೇ ಬಿಡ್ತೀನಿ. ಉದ್ದ ಆಗುತ್ತೆ, ಟೈಮ್ ಇಲ್ದೋರು ಸ್ಕ್ರೋಲ್ ಮಾಡ್ಕೊಂಡು ಹೋಗಿ, ಬೇಜಾರಿಲ್ಲ.

ನನ್ ಕೆಲ್ಸ ಹೋಯ್ತು. "ಬ್ರೇಕ್ ತಗೊಂಡಿದೀನಿ", "ವರ್ಕ್ ಫ್ರಂ ಹೋಮ್" ಅಂತೆಲ್ಲ ಊರಲ್ಲಿ ಹೇಳ್ಕೊಂಡು ಓಡಾಡ್ತಿದ್ದೆ, ಎಲ್ಲಾ ಸುಳ್ಳು, ತೆಗೆದ್ರು ಅಷ್ಟೇ. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ "ಕ್ವಿಕ್ ಸಿಂಕ್" ಅಂತ ಮೀಟಿಂಗ್ ಇನ್ವೈಟ್ ಬಂತು, ಹನ್ನೊಂದು ನಿಮಿಷ, ಎಚ್‌ಆರ್ ಕ್ಯಾಮೆರಾ ಆಫ್, ನನ್ ಮ್ಯಾನೇಜರ್ ಇದ್ರು ಆದ್ರೆ ಮ್ಯೂಟ್‌ನಲ್ಲಿ, ಕೊನೇವರ್ಗೂ ಮ್ಯೂಟ್‌ನಲ್ಲೇ. ನೀವೇ ರಿಸೈನ್ ಮಾಡಿದ ಹಾಗೆ ಮೇಲ್ ಹಾಕಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ, ಮುಂದೆ ನಿಮ್ಗೇ ಒಳ್ಳೇದು ಅಂದ್ರು. ನಾನು ಹಾಕ್ದೆ. ಹಾಕಿದ್ದಷ್ಟೇ ಅಲ್ಲ, ಕೆಳಗೆ "ಈ ಅವಕಾಶಕ್ಕೆ ಧನ್ಯವಾದ" ಅಂತ ಬೇರೆ ಇಂಗ್ಲಿಷ್‌ನಲ್ಲಿ ಸೇರ್ಸಿದೆ. ಎದ್ದು ನೀರು ಕುಡ್ದು ಬರೋಷ್ಟ್ರಲ್ಲಿ ಲಾಗಿನ್ ಹೋಗಿತ್ತು. ನಾಲ್ಕು ವರ್ಷ ಏಳು ತಿಂಗ್ಳ ಸರ್ವೀಸ್, ಐದು ವರ್ಷ ಆಗಿದ್ರೆ ಗ್ರಾಚ್ಯುಟಿನಾದ್ರೂ ಸಿಗ್ತಿತ್ತು. ಕೆಲ್ಸದಿಂದ ತೆಗೆದ್ರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡ್ಬೇಕು ಅಂತ 2025ರ ನವೆಂಬರ್‌ವರೆಗೆ ಜಾರಿಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತಂತೆ, ಅದು ನನ್ನಂಥೋರಿಗೆ ಅನ್ವಯಿಸುತ್ತೋ ಇಲ್ವೋ ಅಂತ ವಕೀಲರು ವಾದ ಮಾಡ್ಕೊಳ್ಳಲಿ, ನಾನೇ ಬಿಟ್ಟೆ ಅಂತ ಬರ್ಕೊಟ್ಮೇಲೆ ವಾದಕ್ಕೆ ಏನು ಉಳೀತು. ಇದನ್ನ ಓದ್ತಿರೋ ಹುಡುಗ ಹುಡುಗೀರು ಇದ್ರೆ ಮೇಲ್ ಹಾಕೋಕೆ ಮುಂಚೆ ಒಂದ್ ದಿನ ಟೈಮ್ ಕೇಳಿ, ನಂಗೆ ಯಾರೂ ಹೇಳ್ಲಿಲ್ಲ.

ಬೆಂಗಳೂರಲ್ಲಿ ಬೆಳ್ಳಂದೂರಿನ ಪಿಜಿ ಖಾಲಿ ಮಾಡಿ ಎರಡು ಬ್ಯಾಗು ಒಂದು ಬಕೆಟ್ ಹಿಡ್ಕೊಂಡು ಹಾಸನದ ಬಸ್ ಹತ್ತಿದೆ. ನಮ್ದು ಸಾಲಗಾಮೆ ರೋಡ್ ಕಡೆ ಹಳ್ಳಿ. ಅಮ್ಮ ಏನೂ ಕೇಳ್ಲಿಲ್ಲ, ಅವರೆಕಾಳು ಸಾರು ಮಾಡಿ ಮುದ್ದೆ ಇಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೊಂಡ್ರು. ದೊಡ್ಡಮ್ಮ ಮಾತ್ರ ಎರಡೇ ದಿನಕ್ಕೆ "ಒಳ್ಳೇದೇ ಆಯ್ತು ಬಿಡೇ, ಕೆಲ್ಸ ಕೆಲ್ಸ ಅಂತ ಮದ್ವೆ ಮುಂದಕ್ಕೆ ಹಾಕ್ತಿದ್ದೆ" ಅಂತ ಜಾತಕ ಕೇಳ್ಕೊಂಡು ಬಂದ್ರು. (ದೊಡ್ಡಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ, ಧೈರ್ಯವಾಗಿ ಬರೀತಿದೀನಿ.) ಅಪ್ಪಂದು ಬೇರೆ ಥರ. ನಮ್ಮನೇಲಿ ಏನೇ ಕೆಟ್ಟದ್ದಾದ್ರೂ ಅಪ್ಪ 1996ರ ಟೈಟನ್ ಕಪ್ ಮ್ಯಾಚ್ ಹೇಳ್ತಾರೆ. "ಚಿನ್ನಸ್ವಾಮಿಲಿ ಆಸ್ಟ್ರೇಲಿಯಾ ಮೇಲೆ 216 ಬೇಕಿತ್ತು, ಸಚಿನ್ 88ಕ್ಕೆ ಔಟಾದಾಗ 164ಕ್ಕೆ ಎಂಟು ಹೋಗಿತ್ತು ಕಣಮ್ಮ, ಟಿವಿ ಆಫ್ ಮಾಡ್ಬಿಟ್ಟಿದ್ರು ಜನ, ಆಮೇಲೆ ನಮ್ ಶ್ರೀನಾಥ್ 30, ಕುಂಬ್ಳೆ 16, ಇಬ್ರೂ ನಾಟ್ ಔಟ್." ಜಾವಗಲ್ ನಮ್ ಜಿಲ್ಲೆ ಅನ್ನೋದೊಂದೇ ಹಕ್ಕಲ್ಲಿ ಶ್ರೀನಾಥ್ ನಮ್ಮ ಅಪ್ಪಂಗೆ ದಾಯಾದಿ ಇದ್ದ ಹಾಗೆ. ಆಲೂಗಡ್ಡೆಗೆ ಅಂಗಮಾರಿ ರೋಗ ಬಂದು ಜಲಂಧರ್‌ನಿಂದ ತರ್ಸಿದ ಬೀಜದ ದುಡ್ಡೂ ಹುಟ್ದೇ ಇದ್ದ ವರ್ಷ ಕೂಡ ಇದೇ ಕತೆ ಹೇಳಿದ್ರು, ಆಮೇಲೆ ಸುಮ್ನೆ ಶುಂಠಿ ಹಾಕಿದ್ರು.

ಈಗ ನಾನು ಹೇಳ್ಬೇಕು ಅಂತಿರೋ ವಿಷ್ಯ. ಕೆಲ್ಸ ಹೋಗಿದ್ದಕ್ಕಿಂತ ನಂಗೆ ಉರಿ ಹತ್ಸಿದ್ದು ಒಂದು ಪದ, "ಟೀಮ್". ಸೇರಿದ ದಿನದಿಂದ ಟೀಮ್ ಟೀಮ್ ಟೀಮ್, ಟೀಮ್ ಲಂಚ್, ಟೀಮ್ ಸ್ಪಿರಿಟ್, ಶನಿವಾರ ರಾತ್ರಿ ಕೂತು ಕೆಲ್ಸ ಮಾಡಿದ್ರೆ "ಗ್ರೇಟ್ ಟೀಮ್ ಪ್ಲೇಯರ್" ಅಂತ ಚಾಟ್‌ನಲ್ಲಿ ಒಂದು ಚಪ್ಪಾಳೆ. ನಾನು ನಿಜವಾದ ಟೀಮಲ್ಲಿ ಆಡಿದೋಳು ಸ್ವಾಮಿ, ಸರ್ಕಾರಿ ಹೈಸ್ಕೂಲ್ ಖೋ ಖೋ ಟೀಮಲ್ಲಿ, ಎರಡೂ ಮೊಣಕಾಲಲ್ಲಿ ಇವತ್ತಿಗೂ ಅದರ ಗುರುತಿದೆ, ನಂಗೆ ಟೀಮ್ ಅಂದ್ರೆ ಏನು ಅಂತ ಪಿಪಿಟಿ ಹಾಕಿ ತೋರಿಸ್ಬೇಡಿ.

ನಾನು ಒಂಬತ್ತನೇ ಕ್ಲಾಸಲ್ಲಿ ಇದ್ದಾಗ ಜಿಲ್ಲಾ ಮಟ್ಟಕ್ಕೆ ಹೋಗೋ ಹನ್ನೆರಡು ಜನದಲ್ಲಿ ನನ್ ಹೆಸ್ರು ಇರ್ಲಿಲ್ಲ. ಅದು ನಂಗೆ ನೋಟಿಸ್ ಬೋರ್ಡ್ ನೋಡಿ ಗೊತ್ತಾಗಿದ್ದಲ್ಲ. ಹಿಂದಿನ ದಿನ ಸಂಜೆ ಪಿಟಿ ಸರ್ ಅವ್ರ ಎಕ್ಸ್‌ಎಲ್ ಗಾಡಿಲಿ ನಮ್ಮನೆಗೇ ಬಂದ್ರು. ಅಮ್ಮ ಕಾಫಿ ಕೊಟ್ರು. ನನ್ನ ಎದುರಿಗೆ ಕೂರಿಸ್ಕೊಂಡು "ಈ ಸಲ ನಿನ್ನ ಹಾಕಿಲ್ಲಮ್ಮ, ಖೋ ಬೀಳೋಕೆ ಮುಂಚೆನೇ ಏಳ್ತೀಯ, ಮೂರು ಮ್ಯಾಚಲ್ಲಿ ನಿಂದೇ ಫೌಲ್ ಜಾಸ್ತಿ, ಬೆನ್ನ ಹಿಂದೆ ಯಾರು ಬರ್ತಾರೆ ಅಂತ ನೋಡೋ ಚಟ ಬಿಡ್ಬೇಕು" ಅಂದ್ರು. ನಾನು ಅತ್ಕೊಂಡು ಹಿತ್ಲಿಗೆ ಹೋದೆ. ಅವ್ರು ಕಾಫಿ ಮುಗ್ಸಿ, ಹೊರಡೋವಾಗ ಹಿತ್ಲ ಬಾಗ್ಲಿಗೆ ಬಂದು "ನಾಳೆ ಬೆಳಿಗ್ಗೆ ಆರಕ್ಕೆ ಗ್ರೌಂಡಲ್ಲಿರು, ಹೋಗೋರಿಗೆ ಪ್ರಾಕ್ಟೀಸ್ ಕೊಡೋರು ಬೇಕು" ಅಂತ ಹೇಳಿ ಹೋದ್ರು. ಶಾಪ ಹಾಕ್ಕೊಂಡೇ ಆರಕ್ಕೆ ಹೋಗಿದ್ದೆ.

ತೆಗೆಯೋದು ಅಂದ್ರೆ ಹಂಗೆ. ಎದುರಿಗೆ ಕೂತು, ಕಾರಣ ಹೇಳಿ, ನಾಳೆ ಎಷ್ಟೊತ್ತಿಗೆ ಬರ್ಬೇಕು ಅಂತ ಹೇಳಿ. ಖರ್ಚು ಒಂದು ಲೋಟ ಕಾಫಿ, ಅದೂ ನಮ್ಮನೇದು.

ಮುಂದಿನ ವರ್ಷ ನಾನು ಆಡ್ದೆ, ಕಂಬದ ಹತ್ರ ಹಾರಿ ಮುಟ್ಟೋ ಪೋಲ್ ಡೈವ್ ನಂದೇ, ವಿಭಾಗ ಮಟ್ಟಕ್ಕೆ ಹೋಗಿ ಮೈಸೂರು ಕಡೆ ಹುಡ್ಗೀರ ಹತ್ರ ಸೋತು ಬಂದ್ವಿ. ಆ ಹುಡ್ಗೀರು ಕೂತಲ್ಲಿಂದ ಏಳೋದೇ ಗೊತ್ತಾಗ್ತಿರ್ಲಿಲ್ಲ, ಬಾಣ ಬಿಟ್ಟಂಗೆ. ವಾಪಸ್ ಬರ್ತಾ ಬಸ್ಸಲ್ಲಿ ಮೊದಲು ಅಳು, ಚನ್ನರಾಯಪಟ್ಟಣ ದಾಟೋಷ್ಟ್ರಲ್ಲಿ ಅಂತ್ಯಾಕ್ಷರಿ. ಪಿಯುಸಿಗೆ ಬಂದ್ಮೇಲೆ ಸೈನ್ಸು, ಟ್ಯೂಷನ್ನು, ಆಟ ಅಲ್ಲಿಗೆ ನಿಂತೋಯ್ತು. ಯಾರೂ ಬೇಡ ಅನ್ಲಿಲ್ಲ, ಯಾರೂ ಆಡು ಅಂತಾನೂ ಅನ್ಲಿಲ್ಲ.

2025ರ ಜನವರಿ 19ಕ್ಕೆ ದೆಹಲಿಲಿ ಮೊದಲನೇ ಖೋ ಖೋ ವಿಶ್ವಕಪ್ ಫೈನಲ್ ನಡೀತು, ನಾನು ಪಿಜಿಲಿ ಫೋನಲ್ಲಿ ನೋಡ್ತಿದ್ದೆ. ನಮ್ ಹುಡ್ಗೀರು ನೇಪಾಳನ 78-40ಕ್ಕೆ ಸೋಲ್ಸಿದ್ರು, ಅದ್ರಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಓಡಿದ್ದು ನೋಡ್ಬೇಕಿತ್ತು ನೀವು. ನಾನು ಕಿರುಚಿದ್ದಕ್ಕೆ ರೂಮ್‌ಮೇಟ್ ಹಲ್ಲಿ ಬಿತ್ತೇನೋ ಅನ್ಕೊಂಡಿದ್ಲು. ಆಮೇಲೆ ನಮ್ ಸರ್ಕಾರ ಚೈತ್ರಾಗೆ, ಗಂಡು ಮಕ್ಕಳ ಟೀಮಲ್ಲಿದ್ದ ಗೌತಮ್‌ಗೆ ತಲಾ 5 ಲಕ್ಷ ಘೋಷಣೆ ಮಾಡ್ತು, ಮಹಾರಾಷ್ಟ್ರ ಅವರ ಆಟಗಾರರಿಗೆ ತಲಾ 2.25 ಕೋಟಿ ಜೊತೆಗೆ ಸರ್ಕಾರಿ ಕೆಲ್ಸ ಕೊಟ್ಟಿತ್ತು, ಇವರಿಬ್ರೂ ನಮ್ಗೆ ಈ 5 ಲಕ್ಷ ಬೇಡ ಅಂದ್ಬಿಟ್ರು. ಆಫೀಸಲ್ಲಿ ಊಟಕ್ಕೆ ಕೂತಾಗ ಈ ಮಾತು ಬಂತು, ಒಬ್ರು "ಸಿಕ್ಕಿದ್ದು ತಗೊಂಡು ಸುಮ್ನಿರ್ಬಾರ್ದಾ, ಇಷ್ಟು ಕೊಬ್ಬಾ" ಅಂದ್ರು, ನಾನು ಮೊಸರನ್ನ ಕಲಸ್ತಾ ಕೂತಿದ್ದೆ, ಬಾಯಿ ಬಿಡ್ಲಿಲ್ಲ. ದೇಶಕ್ಕೆ ಕಪ್ ತಂದಿರೋ ಹುಡುಗಿ ಸರ್ಕಾರಕ್ಕೇ ಬೇಡ ಅಂತ ಹೇಳೋಕಾಗುತ್ತೆ, ನನ್ ಕೈಲಿ ಕ್ಯಾಮೆರಾ ಆಫ್ ಮಾಡ್ಕೊಂಡಿದ್ದ ಎಚ್‌ಆರ್‌ಗೆ "ಸ್ವಲ್ಪ ಇರಿ ಮೇಡಂ, ಯೋಚ್ನೆ ಮಾಡಿ ಹೇಳ್ತೀನಿ" ಅನ್ನೋಕೆ ಆಗ್ಲಿಲ್ಲ. ರಾತ್ರಿ ನಿದ್ದೆ ಬರ್ದೇ ಇದ್ದಾಗ ನಂಗೆ ಬರೋದು ಇದೊಂದೇ ಯೋಚ್ನೆ, ಸಂಬಳದ್ದಲ್ಲ.

ಲಿಂಕ್ಡ್‌ಇನ್‌ನಲ್ಲಿ ಕೆಲ್ಸ ಹೋದೋರಿಗೆ ಕ್ರಿಕೆಟ್ ಬುದ್ಧಿ ಹೇಳೋರು ಬೇರೆ, ಲೈಫ್ ಒಂದು ಟೆಸ್ಟ್ ಮ್ಯಾಚ್, ಸೆಕೆಂಡ್ ಇನ್ನಿಂಗ್ಸ್ ಇದೆ ಅಂತ. ಖೋ ಖೋ ನಂಗೆ ಲೈಫ್ ಬಗ್ಗೆ ಏನೂ ಕಲಿಸ್ಲಿಲ್ಲ ರೀ. ಮೈ ಬೆವರ್ತಿತ್ತು, ಹೊಟ್ಟೆ ಹಸೀತಿತ್ತು, ಸಂಜೆ ಹೊತ್ಗೆ ಗೆದ್ವೋ ಸೋತ್ವೋ ಗೊತ್ತಾಗೋದು. ಆಫೀಸಲ್ಲಿ ಐದು ವರ್ಷಕ್ಕೆ ಹತ್ರ ಕೆಲ್ಸ ಮಾಡಿ ನಾನು ಚೆನ್ನಾಗಿ ಆಡಿದ್ನೋ ಇಲ್ವೋ ಅಂತ ನಂಗೆ ಈಗ್ಲೂ ಗೊತ್ತಿಲ್ಲ.

ಹೋದ ವಾರ ಪಿಟಿ ಸರ್ ಫೋನ್ ಮಾಡಿದ್ರು. ರಿಟೈರ್ ಆಗಿದಾರೆ ಆದ್ರೂ ಹೋಬಳಿ ಕ್ರೀಡಾಕೂಟ ಬಂದ್ರೆ ಮನೇಲಿ ನಿಲ್ಲಲ್ಲ. "ಊರಲ್ಲೇ ಇದ್ದೀಯಂತೆ, ಸ್ಕೋರ್ ಬರಿಯಕ್ಕೆ ಜನ ಇಲ್ಲ, ಬಾ." ಯಾಕೆ ಊರಲ್ಲಿದ್ದೀಯ ಅಂತ ಕೇಳ್ಲಿಲ್ಲ. ಎಷ್ಟು ಕೊಡ್ತೀರ ಸರ್ ಅಂತ ತಮಾಷೆ ಮಾಡ್ದೆ, "ಪಲಾವ್, ಮೊಸರು ಬಜ್ಜಿ" ಅಂದ್ರು. ಹೋದೆ. ಶಾಮಿಯಾನ ಕೆಳಗೆ ಟೇಬಲ್ಲು, ವಿಷಲ್ಲು, ಸುಣ್ಣದ ಗೆರೆ, ಮೈಕಲ್ಲಿ ಯಾರೋ "ಹಲೋ ಹಲೋ" ಅಂತಿದ್ದಾರೆ. ಬೆಳಿಗ್ಗೆಯಿಂದ ನಾಲ್ಕು ಮ್ಯಾಚ್ ಬರೆದೆ, ಒಂದು ಪಾಯಿಂಟ್ ತಪ್ಪಿಲ್ಲ. ಊಟಕ್ಕೆ ಬಿಟ್ಟಾಗ ಎಂಟನೇ ಕ್ಲಾಸಿನ ಒಂದು ಹುಡುಗಿ, ಮೊಣಕಾಲೆಲ್ಲ ಮಣ್ಣು, ಪಲಾವ್ ತಟ್ಟೆ ಹಿಡ್ಕೊಂಡು ಪಕ್ಕ ಬಂದು ಕೂತ್ಲು.

"ಮಿಸ್, ನೀವು ಏನ್ ಕೆಲ್ಸ ಮಾಡೋದು?"

ಎರಡು ತಿಂಗ್ಳಲ್ಲಿ ಮೊದಲನೇ ಸಲ ನೇರವಾಗಿ "ಈಗ ಏನೂ ಇಲ್ಲ, ಕೆಲ್ಸದಿಂದ ತೆಗೆದ್ರು" ಅಂದೆ.

ಅವ್ಳು ಒಂದು ತುತ್ತು ಬಾಯಿಗೆ ಹಾಕ್ಕೊಂಡು, "ಹಂಗಾರೆ ನಾಳೆನೂ ಬತ್ತೀರಾ ಮಿಸ್? ನಾಳೆ ನಮ್ದು ಸೆಮಿಫೈನಲ್ಲು."